ಅರ್ಧ ಚಿತ್ರ ಬರೆದು ಕಾಯುವ ಹಬೀಬಾ

ಬೆಳಗಿನ ಐದೂವರೆ. ರಾತ್ರಿಯಿಡೀ ಮುಚ್ಚಿದ್ದ ಬಂಡೀಪುರ ಕಾಡಿನ ಗೇಟು ತೆಗೆಯುವ ಹೊತ್ತಾಯಿತೆಂದು ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಲಾರಿಗಳು ಒಂದೊಂದಾಗಿ ಎದ್ದು ಗುರುಗುಟ್ಟುತ್ತಿವೆ. ರಸ್ತೆಗೆ ಬೆನ್ನು ಮಾಡಿಕೊಂಡಿರುವ ಒಂದು ಪುಟ್ಟ ಮನೆಯಲ್ಲಿ ಉಮ್ಮೆ ಹಬೀಬಾ ನಮಾಜು ಮುಗಿಸಿ, ಕಿಟಕಿಯ ಪಕ್ಕ ಕೂತು ಫೋನು ನೋಡುತ್ತಿದ್ದಾರೆ. ಮಡಿಲಲ್ಲಿ ಒಂದು ಚಿತ್ರ. ಸೈಕಲ್ಲಿನ ಮುಂದಿನ ಚಕ್ರ, ಹ್ಯಾಂಡಲ್ಲು, ಬೆಲ್ಲು. ಹಿಂದಿನ ಚಕ್ರವಿಲ್ಲ, ಸೀಟಿಲ್ಲ. ಕಾಗದದ ಬಲ ಅರ್ಧ ಪೂರ್ತಿ ಖಾಲಿ.

ಆ ಖಾಲಿ ಜಾಗ ಬೇಕೆಂದೇ ಬಿಟ್ಟದ್ದು. ಪ್ರತಿ ವರ್ಷ ಆಷಾಢದ ಮೂವತ್ತು ದಿನ ಹಬೀಬಾ ಇನ್‌ಸ್ಟಾಗ್ರಾಮಿನಲ್ಲಿ ‘ಅರ್ಧ ಚಿತ್ರ’ ಎಂಬ ಚಾಲೆಂಜ್ ನಡೆಸುತ್ತಾರೆ. ದಿನಾ ಬೆಳಿಗ್ಗೆ ಇವರು ಅರ್ಧ ಚಿತ್ರ ಹಾಕುತ್ತಾರೆ. ಯಾರು ಬೇಕಾದರೂ ಉಳಿದರ್ಧ ಬರೆದು ಕಳಿಸಬಹುದು. ಇವರು ಎರಡನ್ನೂ ಕೂಡಿಸಿ, ಬರೆದವರ ಹೆಸರು ಹಾಕಿ, ಮಾರನೆಯ ಬೆಳಿಗ್ಗೆ ಹೊಸ ಅರ್ಧ ಹಾಕುತ್ತಾರೆ. ನಿಯಮ ಒಂದೇ ಒಂದು: ಯಾವ ದಿನದ ಚಿತ್ರಕ್ಕೆ ಒಂದೂ ಜೋಡಿ ಬರಲಿಲ್ಲವೋ ಆ ದಿನಕ್ಕೆ ಚಾಲೆಂಜ್ ಮುಗಿಯಿತು. ಕಳೆದ ಮೂರು ವರ್ಷವೂ ಹಾಗೆಯೇ ಮುಗಿದಿದೆ. ಮೊದಲ ವರ್ಷ ಹನ್ನೊಂದನೇ ದಿನಕ್ಕೆ, ಆಮೇಲೆ ಹತ್ತೊಂಬತ್ತಕ್ಕೆ, ಹೋದ ವರ್ಷ ಇಪ್ಪತ್ತಮೂರಕ್ಕೆ.

ಇವತ್ತು ಇಪ್ಪತ್ತಾರನೇ ದಿನ. ನಿನ್ನೆ ಹಾಕಿದ್ದು ಅರ್ಧ ತಕ್ಕಡಿ. ಅದಕ್ಕೆ ಇನ್ನೂ ಯಾರೂ ಇನ್ನೊಂದು ತಟ್ಟೆ ಬರೆದು ಕಳಿಸಿಲ್ಲ.

“ಯಾರೂ ಬಂದಿಲ್ಲ ಮೇಡಂ,” ಎಂದು ಫೋನನ್ನು ಕವುಚಿ ಇಡುತ್ತಾರೆ. ಎರಡು ನಿಮಿಷಕ್ಕೆ ಮತ್ತೆ ಎತ್ತಿ ನೋಡುತ್ತಾರೆ. “ನೀವು ಬಂದ ದಿನಾನೇ ಇಂಗಾಗ್ಬೇಕಾ?”

ಪಾಪ ಎನಿಸುತ್ತದೆ. ನಾನು ಬರೆಯಲೇ ಎಂದು ಕೇಳಿಯೂ ಬಿಡುತ್ತೇನೆ. ನನ್ನ ಕೈ ಬರಹ ನೋಡಿದವರಾರೂ ನನಗೆ ಪೆನ್ಸಿಲು ಕೊಡುವುದಿಲ್ಲ, ಹಬೀಬಾ ಕೂಡ ಕೊಡಲಿಲ್ಲ. “ನೀವು ನನ್ ಮುಖ ನೋಡಿ ಬರೀತೀರ. ಚಿತ್ರ ನೋಡಿ ಬರ್ದ್ರೆ ಸರಿ,” ಎಂದು ನಕ್ಕು ಟೀ ಇಡಲು ಎದ್ದರು. ಈ ಲೇಖನದ ಪ್ರಸ್ತಾಪ ಇಟ್ಟಾಗ ನಮ್ಮ ಪುರವಣಿಯವರು ಕೇಳಿದ ಮೊದಲ ಪ್ರಶ್ನೆ ‘ಫಾಲೋವರ್ಸ್ ಎಷ್ಟು’ ಎಂದು. ಆರುನೂರ ಹನ್ನೆರಡು ಎಂದೆ. ಆ ಆರುನೂರ ಹನ್ನೆರಡು ಮಂದಿಯಲ್ಲಿ ಒಬ್ಬರಿಗೂ ಇದನ್ನು ನಡೆಸುವವರ ಹೆಸರು ಗೊತ್ತಿಲ್ಲ.

ಹಬೀಬಾಗೆ ಮೂವತ್ತೊಂಬತ್ತು. ತಂದೆ ಅಪ್ಸರ್ ಪಾಷಾ ಊರಿನ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು, ಈಗಿಲ್ಲ. ತಾಯಿ ದಿಲ್ಶಾದ್ ಬೇಗಂ ಕಸೂತಿಯವರು. ಮದುವೆಯ ಬ್ಲೌಸುಗಳಿಗೆ ಮಣಿ, ಜರಿ ಹೊಲಿಯುವ ಆರಿ ಕೆಲಸ. ನಡುಮನೆಯಲ್ಲಿ ಮಂಚದಷ್ಟು ಉದ್ದದ ಮರದ ಚೌಕಟ್ಟು ಇದೆ. ಅದಕ್ಕೆ ಬಟ್ಟೆ ಬಿಗಿದು ಎದುರುಬದುರು ಕೂತು ಹೊಲಿಯಬೇಕು. ಹದಿನಾಲ್ಕು ವರ್ಷ ಆ ಕಡೆ ತಾಯಿ, ಈ ಕಡೆ ಮಗಳು ಕೂತರು. ತಾಯಿ ತೀರಿಕೊಂಡು ಎರಡು ವರ್ಷವಾಯಿತು. ಆ ಕಡೆಯ ಚಾಪೆಯನ್ನು ಹಬೀಬಾ ಇನ್ನೂ ಸುತ್ತಿಟ್ಟಿಲ್ಲ. ನಾನು ಗೊತ್ತಿಲ್ಲದೆ ಅದರ ಮೇಲೆ ಕೂತೆ. ಏಳಿ ಎನ್ನಲಿಲ್ಲ, ಆದರೆ ಕೈ ಚಾಚಿ ಚಾಪೆಯ ಮಡಚಿದ ಅಂಚನ್ನು ಸರಿಮಾಡಿದರು. ನನಗೆ ನಾಚಿಕೆಯಾಯಿತು.

ಮದುವೆಯ ಬಗ್ಗೆ ಕೇಳಿದರೆ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. “ಆಯ್ತು, ಮೂರ್ ವರ್ಷಕ್ಕೆ ವಾಪಸ್ ಬಂದ್ಬುಟ್ಟೆ. ಬರೀಬೇಡಿ ಅಂತಲ್ಲ, ಬರ್ಯಕ್ಕೆ ಅದ್ರಲ್ಲಿ ಏನೂ ಇಲ್ಲ.”

ಅರ್ಧ ಬರೆಯುವ ಅಭ್ಯಾಸ ಬಂದದ್ದು ಈ ಬ್ಲೌಸಿನ ಕೆಲಸದಿಂದಲೇ. ಬೆನ್ನಿನ ಡಿಸೈನು ಬರೆಯುವಾಗ ಯಾರೂ ಪೂರ್ತಿ ಬರೆಯುವುದಿಲ್ಲ. ತೆಳು ಕಾಗದವನ್ನು ನಡುವಿಗೆ ಮಡಚಿ ಎಡ ಭಾಗದಲ್ಲಿ ಅರ್ಧ ನವಿಲು, ಅರ್ಧ ಬಳ್ಳಿ ಬರೆಯುತ್ತಾರೆ. ಆಮೇಲೆ ಗೆರೆಯ ಮೇಲೆಲ್ಲ ಸೂಜಿಯಿಂದ ಚುಚ್ಚುತ್ತಾರೆ. ಒಂದು ಬೆನ್ನಿಗೆ ಹೆಚ್ಚುಕಡಿಮೆ ಸಾವಿರದೆಂಟುನೂರು ಚುಚ್ಚು. ಕಾಗದ ಬಿಚ್ಚಿದರೆ ಇನ್ನೊಂದು ಭಾಗದಲ್ಲೂ ತೂತಾಗಿರುತ್ತದೆ. ಅದನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದ ಪುಡಿ ಸವರಿದರೆ ಡಿಸೈನು ಪೂರ್ತಿ ಇಳಿಯುತ್ತದೆ. ಹದಿನಾರು ವರ್ಷ ಹೀಗೆ ಬರೆದ ಕೈ ಅದು.

ಐದು ವರ್ಷದ ಹಿಂದೆ ಆನ್‌ಲೈನ್ ಚಾಲೆಂಜೊಂದಕ್ಕೆ ಮೊದಲ ಸಲ ಸೇರಿದರು. ಮೊದಲ ದಿನದ ವಿಷಯ ಚಿಟ್ಟೆ. ಹಬೀಬಾ ಒಂದು ರೆಕ್ಕೆ, ಅರ್ಧ ಮೈ, ಒಂದು ಮೀಸೆ ಬರೆದು, ಬಣ್ಣ ತುಂಬಿ ಹಾಕಿಬಿಟ್ಟರು. ಇನ್ನೊಂದು ರೆಕ್ಕೆ ಎಲ್ಲಿ ಎಂದು ಜನ ಕೇಳತೊಡಗಿದಾಗ ಇವರಿಗೆ ಅರ್ಥವೇ ಆಗಲಿಲ್ಲ.

“ನಂಗೆ ಪೂರ್ತಿನೇ ಕಾಣ್ತಿತ್ತು ಮೇಡಂ. ಇನ್ನೊಂದ್ ಕಡೆ ಅದೇ ತಾನೆ ಬರೋದು? ಆಮೇಲ್ ನೋಡಿದ್ರೆ ನಾಚಿಕೆಯಾಗೋಯ್ತು. ತೆಗ್ದಾಕ್ಬುಡನ ಅಂತಿದ್ದೆ. ಅಷ್ಟ್ರಲ್ಲಿ ಯಾರೋ ತಮಾಷೆಗೆ ಇನ್ನೊಂದ್ ರೆಕ್ಕೆ ಬರ್ದು ಕಳ್ಸಿದ್ರು. ನಂದ್ರ ಥರ ಇರ್ಲಿಲ್ಲ ಅದು. ನಾನ್ ಹಸಿರಾಕಿದ್ರೆ ಅವ್ರು ಕಪ್ಪು ಚುಕ್ಕಿ ಇಟ್ಟಿದ್ರು. ಬ್ಲೌಸ್ನಲ್ಲಿ ಅಂಗಾದ್ರೆ ವಾಪಸ್ ಕಳಿಸ್ತಾರೆ. ಇದು ಮಾತ್ರ ಚೆನ್ನಾಗಿತ್ತು. ಅವತ್ತು ರಾತ್ರಿ ಎಷ್ಟ್ ಸಲ ನೋಡಿದ್ನೋ.”

ಆ ಚಾಲೆಂಜಿನಲ್ಲಿ ಒಂಬತ್ತನೇ ದಿನಕ್ಕೆ ಕೈಬಿಟ್ಟರು. ವಿಷಯಗಳ ಪಟ್ಟಿಯಲ್ಲಿ ಹಿಮ, ಸಮುದ್ರದ ದೀಪಸ್ತಂಭ ಎಂದೆಲ್ಲ ಇತ್ತು. ಇವರು ಹಿಮ ಕಂಡದ್ದು ಫ್ರಿಜ್ಜಿನಲ್ಲಿ ಮಾತ್ರ. ಮುಂದಿನದು ನೂರು ದಿನದ್ದು. ಅದು ಬಿದ್ದದ್ದು ಮದುವೆಗಳ ಕಾಲದಲ್ಲಿ, ಬ್ಲೌಸುಗಳ ರಾಶಿಯ ನಡುವೆ ಅದೂ ನಿಂತಿತು. ಇನ್ನೊಂದನ್ನು ಕೊನೆಯವರೆಗೂ ಮಾಡಿದರು. ಮೂವತ್ತೊಂದು ಚಿತ್ರ ಹಾಕಿದರೂ ನಡೆಸುವವರು ಒಂದನ್ನೂ ನೋಡಿದಂತೆ ಕಾಣಲಿಲ್ಲ. ಈಗ ಯಾರಾದರೂ ಕೇಳಿದರೆ ಹಬೀಬಾ ಹೇಳುವುದಿಷ್ಟು: ಚಾಲೆಂಜು ಹಿಡಿಯುವ ಮೊದಲು ಎಷ್ಟು ದಿನ ಎಂದು ನೋಡಿ, ಆ ದಿನಗಳಲ್ಲಿ ನಿಮ್ಮ ಹೊಟ್ಟೆಪಾಡಿನ ಕೆಲಸ ಎಷ್ಟಿದೆ ನೋಡಿ, ನಡೆಸುವವರು ಬಂದ ಚಿತ್ರಕ್ಕೆ ಒಂದು ಮಾತಾದರೂ ಬರೆಯುತ್ತಾರಾ ನೋಡಿ.

ತಮ್ಮದಕ್ಕೆ ಆಷಾಢವನ್ನು ಆರಿಸಿಕೊಂಡದ್ದೂ ಇದೇ ಲೆಕ್ಕದ ಮೇಲೆ. ಆಷಾಢದಲ್ಲಿ ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ಬ್ಲೌಸಿಲ್ಲ. “ನಮ್ಮನೇಲಿ ಆಷಾಢ ಅಂತ ಏನೂ ಇಲ್ಲ. ಆದ್ರೆ ಕ್ಯಾಲೆಂಡರ್ ತಂದ ತಕ್ಷಣ ಅಮ್ಮಿ ಮೊದ್ಲು ಅದ್ನೇ ನೋಡೋರು, ಯಾವಾಗ ಕೈ ಖಾಲಿ ಅಂತ,” ಎನ್ನುತ್ತಾರೆ. ತಾಯಿಯಿದ್ದಾಗ ಆ ತಿಂಗಳು ಸುಣ್ಣ ಬಳಿಯುವುದು, ಸೂಜಿ ಮಸೆಯುವುದು, ಹರಟೆ. ಈಗ ಹರಟೆಗೆ ಜನವಿಲ್ಲ.

ಈ ಸಲ ಮೊದಲ ದಿನ ಬಂದ ಜೋಡಿಗಳು ಎಪ್ಪತ್ತನಾಲ್ಕು. ಒಬ್ಬೊಬ್ಬರಿಗೂ ಒಂದೊಂದು ಸಾಲು ಬರೆದು ಮುಗಿಸುವಾಗ ಮಧ್ಯಾಹ್ನವಾಗಿತ್ತು. ಐದನೇ ದಿನಕ್ಕೆ ನಲವತ್ತೊಂದು, ಹತ್ತನೇ ದಿನಕ್ಕೆ ಹನ್ನೆರಡು. ಹದಿನೈದರಿಂದ ಈಚೆಗೆ ಒಂದೇ ಒಂದು. ಹತ್ತು ದಿನದಿಂದ ಈ ಚಾಲೆಂಜು ನಿಂತಿರುವುದು ಒಬ್ಬರ ಮೇಲೆ. ಅವರು ಮಹಾಲಕ್ಷ್ಮಮ್ಮ, ಚಾಮರಾಜನಗರದ ಹತ್ತಿರದ ಹರವೆಯವರು. ಅವರು ಪೆನ್ಸಿಲು ಹಿಡಿಯುವುದಿಲ್ಲ. ಫೋನಿನಲ್ಲಿ ಅರ್ಧ ಚಿತ್ರ ನೋಡಿ, ಉಳಿದರ್ಧವನ್ನು ಮನೆ ಮುಂದಿನ ಸಾರಿಸಿದ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬಿಟ್ಟು, ಫೋಟೋ ತೆಗೆದು ಕಳಿಸುತ್ತಾರೆ. ಫೋಟೋದ ಮೂಲೆಯಲ್ಲಿ ಅವರ ಹೆಬ್ಬೆರಳು ಇದ್ದೇ ಇರುತ್ತದೆ.

ಇಬ್ಬರೂ ಭೇಟಿಯಾಗಿಲ್ಲ, ಮಾತಾಡಿಯೂ ಇಲ್ಲ. ಮಹಾಲಕ್ಷ್ಮಮ್ಮ ಕಳಿಸುವ ಧ್ವನಿ ಸಂದೇಶಗಳಿಗೆ ಹಬೀಬಾ ಬರಹದಲ್ಲಷ್ಟೇ ಉತ್ತರಿಸುತ್ತಾರೆ. “ಅವ್ರು ನನ್ನ ಯಾವ್ದೋ ಹುಡುಗ ಅಂತ ತಿಳ್ಕಂಡವ್ರೆ. ‘ಕಣಪ್ಪ, ಮಗ’ ಅಂತಾರೆ.”

ಯಾಕೆ ಹೇಳಲಿಲ್ಲ ಎಂದರೆ ಸೂಜಿಗೆ ದಾರ ಪೋಣಿಸುತ್ತ ಯೋಚಿಸುತ್ತಾರೆ. “ಹೇಳಿದ್ರೆ ಮಾತು ಶುರುವಾಯ್ತದೆ. ಮಾತಾದ್ಮೇಲೆ ಚಿತ್ರ ನಿಂತೋದ್ರೆ? ಇರೋರು ಅವ್ರೊಬ್ರು.”

ಎಂಟು ಗಂಟೆಗೂ ಏನೂ ಬರುವುದಿಲ್ಲ. ತಕ್ಕಡಿಯ ಇನ್ನರ್ಧವನ್ನು ನೀವೇ ಬರೆದು ಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಕೇಳುತ್ತೇನೆ. ಅವರಿಗೆ ಸಿಟ್ಟು ಬರುತ್ತದೆ. “ಕಾಗ್ದ ಮಡಚಿ ಚುಚ್ಚಿದ್ರೆ ಎರಡ್ ನಿಮಿಷ ಮೇಡಂ. ಆಮೇಲೆ ಎರಡ್ ಕಡೇನೂ ನಾನೇ ಇರ್ತೀನಿ. ಅದನ್ನ ದಿನಾ ಮಾಡ್ತಾನೇ ಇದ್ದೀನಲ್ಲ.”

ಶ್ರಾವಣದ ಮದುವೆಯೊಂದಕ್ಕೆ ಮೊದಲ ಆರ್ಡರು ಬಂದಿದೆ. ಹೊಲಿದ ಬ್ಲೌಸನ್ನು ಕೊಡಲು ಹಬೀಬಾ ಬಸ್ಸು ಹತ್ತುತ್ತಾರೆ, ಜೊತೆಗೆ ನಾನೂ. ದಾರಿಯುದ್ದಕ್ಕೂ ಜಿಟಿಜಿಟಿ ಮಳೆ. ಸೂರ್ಯಕಾಂತಿ ಹೊಲದ ಬದುವಿನಲ್ಲಿ ಜನ ಕೊಡೆ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ಹಬೀಬಾ ಹೊರಗೆ ನೋಡುವುದಿಲ್ಲ. ಸೈಕಲ್ಲಿನ ಚಿತ್ರ ಚೀಲದಲ್ಲೇ ಇದೆ, ಅದನ್ನಿನ್ನೂ ಹಾಕಿಲ್ಲ. ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಹರವೆಯ ಬೋರ್ಡಿನ ಬಸ್ಸೊಂದು ನಿಂತಿದೆ. ಹತ್ತೋಣವೇ ಎಂದು ಕಣ್ಣಲ್ಲೇ ಕೇಳುತ್ತೇನೆ. ತಲೆ ಅಲ್ಲಾಡಿಸುತ್ತಾರೆ. “ಬಂದಾಗೆಲ್ಲ ಈ ಬಸ್ಸಿಂದ ಇಳಿಯೋ ಹೆಂಗಸ್ರ ಕೈ ನೋಡ್ತೀನಿ, ಬೆರಳಲ್ಲಿ ಬಿಳೀ ಪುಡಿ ಇದ್ದಾತಾ ಅಂತ. ಹುಚ್ಚು ನಂಗೆ.”

ಹತ್ತು ನಲವತ್ತಕ್ಕೆ ಫೋನು ಗುಣುಗುತ್ತದೆ. ಹಬೀಬಾ ತಕ್ಷಣ ತೆಗೆಯುವುದಿಲ್ಲ, ಬೆಂಚಿನ ಮೇಲೆ ಕೂತು ದುಪಟ್ಟಾದಿಂದ ಕೈ ಒರೆಸಿಕೊಂಡು ತೆಗೆಯುತ್ತಾರೆ. ಈ ಸಲ ಅಂಗಳವಲ್ಲ, ನಡುಮನೆಯ ಕೆಂಪು ಗಾರೆ ನೆಲ. ಅದರ ಮೇಲೆ ತಕ್ಕಡಿಯ ಇನ್ನೊಂದು ತಟ್ಟೆ. ಮೂಲೆಯಲ್ಲಿ ಹೆಬ್ಬೆರಳು. ಜೊತೆಗೊಂದು ಧ್ವನಿ ಸಂದೇಶ. ಹಬೀಬಾ ಅದನ್ನು ನನಗೂ ಕೇಳುವಂತೆ ಇಡುತ್ತಾರೆ.

“ಬೇಜಾರ್ ಮಾಡ್ಕಬ್ಯಾಡ ಕಣಪ್ಪ. ನೆನ್ನಿಂದ ಮಳ ಬುಡ್ನೇ ಇಲ್ಲ. ಮೂರ್ ಸಲ ಬುಟ್ಟೆ, ಮೂರ್ ಸಲಾನೂ ಪೋಟೋ ಇಡಿಯೋ ಗಂಟ ನಿಲ್ನಿಲ್ಲ, ತೊಳ್ಕಂಡೋಯ್ತು. ಈಗ ಒಳಗ್ಲ ಕಾಳಿನ್ ಮೂಟೆ ಸರ್ಸಿ ಬುಟ್ಟಿವ್ನಿ. ಒತ್ತಾಗೋಯ್ತೇನೋ. ತಕಂಡ್ರೆ ತಕ, ಇಲ್ದಿದ್ರೆ ಬುಡು. ನಾಳಿಕ್ ಬೇಗ ಬುಡ್ತೀನಿ.”

ಹಬೀಬಾ ಎರಡು ಅರ್ಧಗಳನ್ನೂ ಕೂಡಿಸುತ್ತಾರೆ. ಇವರು ನೇರವಾಗಿ ಎಳೆದಿದ್ದ ತಕ್ಕಡಿಯ ಕಡ್ಡಿ ಮಹಾಲಕ್ಷ್ಮಮ್ಮನ ಕಡೆ ಕೆಳಕ್ಕೆ ಬಾಗಿದೆ. ತಟ್ಟೆಯ ತುಂಬ ಸಣ್ಣ ಈರುಳ್ಳಿ, ಮೇಲಿಂದ ಎರಡು ಉರುಳಿ ನೆಲಕ್ಕೂ ಬಿದ್ದಿವೆ. “ನೋಡಿ, ತೂಕಕ್ಕಿಂತ ಜಾಸ್ತಿ ಆಕ್ಬುಟ್ಟವ್ರೆ,” ಎಂದು ನಗುತ್ತಾರೆ. ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಾರೆ. ನಾನು ಬಸ್ಸುಗಳನ್ನು ನೋಡುತ್ತ ಕೂರುತ್ತೇನೆ.

ಆದರೆ ನಿಯಮ? ಬೆಳಕು ಹರಿದು ಐದು ತಾಸು ಕಳೆದಿದೆ.

“ಇವತ್ತಿನ್ ಅರ್ಧ ನಾನಿನ್ನೂ ಆಕಿಲ್ವಲ್ಲ ಮೇಡಂ. ಅದ್ ಆಕೋ ಗಂಟ ನಿನ್ನೆ ಮುಗ್ದಿಲ್ಲ,” ಎಂದು ತೀರ್ಪು ಕೊಟ್ಟು, ಬೆಂಚಿನ ಮೇಲೆಯೇ ಸೈಕಲ್ಲಿನ ಚಿತ್ರ ಬಿಚ್ಚಿ, ನೆರಳು ಬೀಳದಂತೆ ಫೋಟೋ ತೆಗೆದು ಹಾಕುತ್ತಾರೆ. ಇಪ್ಪತ್ತಾರನೇ ದಿನ. ಇನ್ನು ನಾಲ್ಕು ಉಳಿದಿವೆ.

ಮಹಾಲಕ್ಷ್ಮಮ್ಮನಿಗೆ ಉತ್ತರ ಬರೆಯಲು ಕೂತವರು ಎರಡು ಸಲ ಬರೆದು ಅಳಿಸುತ್ತಾರೆ. ಕೊನೆಗೆ ಫೋನನ್ನು ಬಾಯಿಯ ಹತ್ತಿರ ಹಿಡಿದು ಸಣ್ಣ ದನಿಯಲ್ಲಿ, “ಸಿಕ್ತು ಅಮ್ಮ. ಚೆನ್ನಾಗದೆ. ನಾನ್ ಹಬೀಬಾ, ಗುಂಡ್ಲುಪೇಟೆ,” ಎನ್ನುತ್ತಾರೆ. ಕಳಿಸಿದ ಮೇಲೆ ನನ್ನ ಕಡೆ ತಿರುಗಿ, “ಪೇಪರ್ನಲ್ಲೂ ಹೆಸ್ರಾಕಿ. ಮುಖ ಬೇಡ,” ಎನ್ನುತ್ತಾರೆ.

ಮುಂದೇನು ಆಸೆ ಎಂದು ಕೇಳುತ್ತೇನೆ. ಪ್ರದರ್ಶನ, ಪುಸ್ತಕ, ಅಂಥದ್ದೇನಾದರೂ. ಅವರು ಬ್ಲೌಸಿನ ಪೊಟ್ಟಣವನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ.

“ನಾಲ್ಕ್ ವರ್ಷದಿಂದ ಎಲ್ರಿಗೂ ನಾನೇ ಶುರು ಮಾಡಿ ಕೊಟ್ಟಿವ್ನಿ ಮೇಡಂ. ಒಂದಿನ ಬೆಳಿಗ್ಗೆ ಎದ್ದು ಫೋನ್ ತೆಗ್ದಾಗ, ಯಾರಾದ್ರೂ ನಂಗೆ ಅಂತ ಒಂದರ್ಧ ಬರ್ದು ಕಳ್ಸಿರ್ಬೇಕು. ಉಳಿದಿದ್ದು ನಾನ್ ಬರೀತೀನಿ.”