ರಾಜೇಶ್ವರದಲ್ಲಿ ಕೂತ ಸೂಟ್‌ಕೇಸು

ಅಮಾವಾಸ್ಯೆ ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಹಲ್ಲು ಬಿಗಿಯುತ್ತವೆ.

ತೊಂಬತ್ತರ ದಶಕದ ನಡುವಿನ ಮಾತು. ಮಸ್ಕತ್‌ನಲ್ಲಿದ್ದ ನನ್ನ ತಂಗಿಗೆ ಚೊಚ್ಚಲ ಹೆರಿಗೆ. ಅವ್ವ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ, ಬಾಣಂತನಕ್ಕೆ ನಾನೇ ಹೋಗಬೇಕು. "ಅಕ್ಕಾ, ನೀ ಬಾಜೂಕ ಇದ್ರ ಸಾಕು, ನಾ ಅಂಜಂಗಿಲ್ಲ" ಎಂದು ಫೋನಿನಲ್ಲಿ ಹೇಳಿದ್ದಳು. ಹುಮನಾಬಾದಿನ ಏಜೆಂಟನೊಬ್ಬ ಹೈದರಾಬಾದಿನಿಂದ ಹೋಗುವ ವಿಮಾನಕ್ಕೆ ಟಿಕೆಟ್ ಮಾಡಿಸಿಕೊಟ್ಟ. ಹೊರಡುವ ದಿನ ಮಂಗಳವಾರ.

"ಮಂಗಳಾರ ಸೊಸಿ ಹೊಸ್ತಿಲ ದಾಟಬಾರ್ದು" ಎಂದರು ಅತ್ತೆ. ಅದಕ್ಕೆ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಉಪಾಯವಿತ್ತು: ಪ್ರಸ್ಥಾನ. ಹೊರಡುವ ದಿನ ಚಲೋ ಇಲ್ಲದಿದ್ದರೆ, ಚಲೋ ದಿನ ನೋಡಿ ಗಂಟನ್ನು ಮುಂಚೆಯೇ ಬೇರೆ ಮನೆಯಲ್ಲಿ ಇಟ್ಟುಬರುವುದು. ಗಂಟು ಹೊರಟರೆ ಮನುಷ್ಯರೂ ಹೊರಟಂತೆ. ಅಂಟಿನ ಉಂಡೆ, ಅಜವಾನ, ಹಳೆಯ ಮೆತ್ತನೆ ಸೀರೆಯಲ್ಲಿ ಕೂಸಿನ ತಲೆಗೆಂದು ನಾನು ಹೊಲಿದ ಕುಂಚಿಗೆ ಎಲ್ಲವನ್ನೂ ತುಂಬಿದ ಸೂಟ್‌ಕೇಸು ಶುಕ್ರವಾರ ರಾಜೇಶ್ವರದ ನಾದಿನಿಯ ಮನೆ ಸೇರಿತು. ಪಾಸ್‌ಪೋರ್ಟು, ಟಿಕೆಟ್ಟುಗಳನ್ನೂ ಅತ್ತೆ ಅದರೊಳಗೇ ಇಡಿಸಿದರು. "ಇಮಾನ ಹತ್ತಿಸೂವು ಇವಾ ಅಲ್ಲೇನು? ಇವೂ ಹೋಗ್ಲಿ." ಇನ್ನು ನಾನೇ ಹೋಗಿ ಎತ್ತಿಕೊಳ್ಳುವವರೆಗೆ ಅದನ್ನು ಯಾರೂ ತೆರೆಯುವಂತಿಲ್ಲ.

ಶನಿವಾರ ರೇಡಿಯೋದಲ್ಲಿ ಬಂತು: ನಮ್ಮ ವಿಮಾನ ಕಂಪನಿಯ ಪೈಲಟ್‌ಗಳು ಮುಷ್ಕರ ಹೂಡಬಹುದು. ನಾನು ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದೆ. ಮೊರದ ಮೇಲೆ ಕೈ ನಿಂತಿತು.

"ಹೈದರಾಬಾದಿಗೆ ನಾನ ಫೋನ್ ಹಚ್ಚಿ ಕೇಳ್ತೀನ್ರಿ" ಎಂದೆ ಗಂಡನಿಗೆ. ಕಾನ್ವೆಂಟಿನಲ್ಲಿ ಕಲಿತವಳು, ಇಂಗ್ಲಿಷಿನಲ್ಲಿ ಕೇಳಲು ನನಗೆ ಅಂಜಿಕೆಯಿರಲಿಲ್ಲ.

"ಏಜೆಂಟ ಅದಾನಲ್ಲ, ಅವ ನೋಡ್ಕೋತಾನ. ನಿನಗ್ಯಾಕ ಆ ಉಸಾಬರಿ? ಹಡತಾಲ ಆದ್ರ ಹೇಳ್ತಾನ." ವಿಮಾನದ ಆಫೀಸಿನ ಫೋನ್ ನಂಬರು ಟಿಕೆಟ್ಟಿನ ಮೇಲಿತ್ತು. ಟಿಕೆಟ್ಟು ರಾಜೇಶ್ವರದಲ್ಲಿತ್ತು.

ಭಾನುವಾರ ಇಡೀ ದಿನ ಯಾರೂ ಏನೂ ಹೇಳಲಿಲ್ಲ. ಸೋಮವಾರ ಮಧ್ಯಾಹ್ನ ನಾನು ರಾಜೇಶ್ವರದ ಬಸ್ಸು ಹತ್ತಿದೆ. ನಾದಿನಿಯ ಮನೆಯ ದೇವರ ಕೋಣೆಯ ಬಾಗಿಲ ಪಕ್ಕ ಸೂಟ್‌ಕೇಸಿತ್ತು, ಮೇಲೆ ಅರಿಸಿನ ಕುಂಕುಮ. ಅದರ ಸಂದಿಗೆ ಇರುವೆಗಳು ಸಾಲು ಹಚ್ಚಿದ್ದವು.

"ವೈನಿ, ತೆಗೀಬ್ಯಾಡ್ರಿ. ಅವ್ವ ನನ್ನ ಬಯ್ತಾಳ."

"ಹೋಗಾಕಿ ನಾನು, ತೆಗೆಯಾಕಿನೂ ನಾನ. ನೀ ನೋಡೇ ಇಲ್ಲ ಅನ್ನು."

ಬಸ್‌ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿನಿಂದ ಟಿಕೆಟ್ಟಿನ ಮೇಲಿನ ನಂಬರಿಗೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಸಾವಕಾಶವಾಗಿ ಬಿಡಿಸಿ ಹೇಳಿದಳು. ನಾಳೆಯ ವಿಮಾನ ರದ್ದಾಗಿದೆ. ನಿಮ್ಮನ್ನು ಇವತ್ತು ಬೆಳಗಿನ ಬೇರೆ ಕಂಪನಿಯ ವಿಮಾನಕ್ಕೆ ಹಾಕಿದ್ದೆವು, ಶನಿವಾರವೇ ನಿಮ್ಮ ಏಜೆಂಟರಿಗೆ ತಿಳಿಸಿದ್ದೆವು. ಪ್ರಯಾಣಿಕರು ಬೇಡ ಎಂದರಂತೆ. ಆ ವಿಮಾನ ಹೋಗಿಯಾಯಿತು, ಮೇಡಂ.

ನಾನು ಥ್ಯಾಂಕ್ಯೂ ಎಂದೆ. ಕಾನ್ವೆಂಟಿನ ರೂಢಿ. ಆಮೇಲೆ ಆ ಥ್ಯಾಂಕ್ಯೂದ ಮೇಲೂ ಸಿಟ್ಟು ಬಂತು.

ಮನೆಗೆ ಬಂದಾಗ ಗಂಡ ಚಹಾ ಕುಡಿಯುತ್ತಿದ್ದರು. "ಇವತ್ತಿನ ಸೀಟು ಬಂದಿತ್ತೇನ್ರಿ?"

ಬಟ್ಟಲಿನಿಂದ ಕಣ್ಣೆತ್ತಲಿಲ್ಲ. "ಅಮಾಸಿ ಇತ್ತು. ಅವ್ವ ಬ್ಯಾಡ ಅಂದ್ಳು. ನಿನಗ ಹೇಳಿದ್ರ ಹಠ ಮಾಡ್ತಿದ್ದಿ."

"ಪ್ರಸ್ಥಾನ ಇಟ್ಟ ಮ್ಯಾಲ ಅಮಾಸಿ ಎಲ್ಲಿಂದ ಬಂತ್ರಿ? ಶುಕ್ರಾರನ ನಾ ಹೊಂಟಾಗಿತ್ತಲ್ಲ."

ನಾನು ದನಿ ಏರಿಸಲಿಲ್ಲ. ಒಳಗಿನಿಂದ ಅತ್ತೆ ಅಂದರು, "ಸಾಲಿ ಕಲ್ತವರ ಬಾಯಿ ನೋಡ್ರಿ."

ಮುಷ್ಕರ ಮುಗಿದು ನಾನು ಮಸ್ಕತ್ ಮುಟ್ಟುವಷ್ಟರಲ್ಲಿ ಕೂಸಿನ ಹೊಕ್ಕಳಬಳ್ಳಿ ಉದುರಿತ್ತು. ಹೆರಿಗೆ ಕೋಣೆಯಲ್ಲಿ ತಂಗಿಯ ಕೈ ಹಿಡಿದವಳು ಅವಳ ಭಾಷೆ ಬಾರದ ಒಬ್ಬ ನರ್ಸು. "ಬಂದ್ಯಾ ಅಕ್ಕಾ" ಎಂದಳು, ಅಷ್ಟೇ. ನಡೆದದ್ದನ್ನೆಲ್ಲ ಹೇಳಿದೆ. ಗೋಡೆ ಕಡೆ ಮುಖ ಮಾಡಿ ಕೇಳಿಸಿಕೊಂಡಳು. ಅಂಟಿನ ಉಂಡೆ ಒಡೆದರೆ ಒಳಗೆ ಸತ್ತ ಇರುವೆಗಳು.

ಎರಡು ಸಾವಿರದ ಇಸವಿಯ ನಂತರ ಅವಳಿಗೆ ಎರಡನೆಯ ಹೆರಿಗೆ. ಮತ್ತೆ ಮುಷ್ಕರದ ಸುದ್ದಿ. ಈ ಸಲ ಟಿಕೆಟ್ಟು, ಪಾಸ್‌ಪೋರ್ಟು ನನ್ನ ತಲೆದಿಂಬಿನ ಕೆಳಗಿದ್ದವು. ವಿಮಾನದ ಆಫೀಸಿಗೆ ದಿನಾ ನಾನೇ ಫೋನ್ ಮಾಡಿದೆ. ನಿಮ್ಮದು ನಿಂತರೆ ಯಾವ ಕಂಪನಿಯದರಲ್ಲಿ ಕಳಿಸುತ್ತೀರಿ, ಒಂದು ದಿನ ಮೊದಲು ಹೋಗಬಹುದೇ ಎಂದು ಕೇಳಿದೆ. ಏನಿದ್ದರೂ ನನಗೇ ಹೇಳಬೇಕು, ನಮ್ಮ ಮನೆಯ ಬೇರೆ ಯಾರ ಮಾತೂ ನಡೆಯುವುದಿಲ್ಲ ಎಂದು ಏಜೆಂಟನಿಗೆ ಅವನ ಅಂಗಡಿಯಲ್ಲೇ ನಿಂತು ಹೇಳಿದೆ. ವಿಮಾನಕ್ಕಿಂತ ಮೊದಲೇ ಹೈದರಾಬಾದಿಗೆ ಹೋಗಿ ಕೂರಲು ಚೀಲ ಎತ್ತಿಕೊಂಡೆ.

"ಪ್ರಸ್ಥಾನ ಇಡೂದಿಲ್ಲೇನು?" ಮಂಚದ ಮೇಲಿಂದ ಅತ್ತೆ ಕೇಳಿದರು.

"ನನ್ನ ನಾನ ಇಡಾಕ ಹೊಂಟೀನ್ರಿ, ಅತ್ತಿ."

ಸಮಯಕ್ಕೆ ಮುಟ್ಟಿದೆ. ಬೇನೆ ಬಂದಾಗ ತಂಗಿ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರು ಊರಿ ರಕ್ತ ಬಂತು. ಮೊದಲನೆಯ ಸಲವೂ ಹೀಗೇ ಹಿಡಿದಿರಬೇಕು, ಆ ನರ್ಸಿನ ಕೈಯನ್ನು. ಅಲ್ಲಿ, ಅವಳ ಬೆವರು ಒರೆಸುತ್ತಲೇ, ನನಗೆ ಮತ್ತೆ ಸಿಟ್ಟು ಬಂತು.