ವೇದಿಕೆಯ ಮೇಲೆ ಸತ್ತ ಅಣ್ಣ

೧೯೯೩ರಲ್ಲಿ ಏಳನೇ ತರಗತಿಗೇ ಓದು ನಿಲ್ಲಿಸಿದ ನಾನು, ಹದಿನಾಲ್ಕು ವರ್ಷಗಳ ನಂತರ ಚಿತ್ರದುರ್ಗದ ಒಂದು ಸಭೆಯಲ್ಲಿ, ಬದುಕಿದ್ದ ಅಣ್ಣನನ್ನು ಸತ್ತನೆಂದು ಹೇಳಿದೆ. ಅತ್ತಿಗೆ, ಇದನ್ನು ನಿಮಗೇ ಬರೆಯುತ್ತಿದ್ದೇನೆ.

ಸ್ವಂತ ದುಡಿಮೆಯಿಂದ ಮೇಲೆ ಬಂದವನೆಂದು ಕಾಲೇಜಿನವರು ಮಾತಾಡಲು ಕರೆದಿದ್ದರು. ಸುಳ್ಳೇನಲ್ಲ—ಹೊಳಲ್ಕೆರೆಯಲ್ಲಿ ನಾನು ಹಾಕಿದ ಬೆಸುಗೆ ಇವತ್ತಿಗೂ ಬಿಟ್ಟಿಲ್ಲ. ಆದರೆ ಮಾತು? ಸೈಬರ್ ಸೆಂಟರಿನಲ್ಲಿ ವಾರವಿಡೀ ಕುಳಿತು, ಇಂಟರ್‌ನೆಟ್ಟಿನಲ್ಲಿ ಬರುವ ದೊಡ್ಡವರ ಭಾಷಣಗಳನ್ನು ನೋಡಿದೆ. ಇಂಗ್ಲಿಷ್ ಬಾರದು, ಆದರೆ ಗೇಟನ್ನು ನೋಡಿದ ಕೂಡಲೇ ಅದರ ಜೋಡಣೆ ತಿಳಿಯುವವನಿಗೆ ಆ ಮಾತುಗಳ ಜೋಡಣೆಯೂ ತಿಳಿಯಿತು. ಕೈಯಲ್ಲಿ ಚೀಟಿ ಇರಬಾರದು. ಮೊದಲು ತನ್ನದೊಂದು ಗಾಯ ತೋರಿಸಬೇಕು. ದನಿ ತಗ್ಗಿಸಿ ಸುಮ್ಮನಾಗಬೇಕು. ಕೊನೆಗೆ ಒಂದೇ ಒಂದು ಮಾತು—ಕೇಳಿದವನು ಮನೆಗೆ ಹೊತ್ತೊಯ್ಯುವಂಥದ್ದು. ಅದನ್ನು ಹೊರಿಸುವುದಕ್ಕೇ ಮೊದಲಿನ ಅಳುವೆಲ್ಲ.

‘ಯಾರ ಆಸರೆಯೂ ಇಲ್ಲದೆ ಎದ್ದು ನಿಲ್ಲಬಹುದು’—ಇದು ನನ್ನ ಮಾತು. ಆದರೆ ಆಸರೆ ಇತ್ತಲ್ಲ. ವೆಲ್ಡಿಂಗ್ ಕಲಿಸಿದ್ದು ಅಣ್ಣ. ತನ್ನ ಮಷಿನ್ನನ್ನೇ ನನಗೆ ಬಿಟ್ಟು ಶ್ರೀರಾಂಪುರದಲ್ಲಿ ಕೂಲಿಗೆ ನಿಂತದ್ದೂ ಅವನೇ. ಭಾಷಣದಲ್ಲಿ ಅವನಿದ್ದರೆ ಆ ಮಾತು ನಿಲ್ಲುತ್ತಿರಲಿಲ್ಲ. ‘ಅಣ್ಣ ಬಾವಿಗೆ ಬಿದ್ದು ಸತ್ತ ದಿನ ನಾನು ಶಾಲೆ ಬಿಟ್ಟೆ’ ಎಂದೆ. ಸುಮ್ಮನಾದೆ. ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ನನಗೆ ಸಂತೋಷವಾಯಿತು—ಅದನ್ನೂ ಹೇಳಿಬಿಡಬೇಕು.

ಸುದ್ದಿ ನಿಮ್ಮೂರು ಮುಟ್ಟಿತು. ಮೂರನೇ ದಿನ ನೀವೂ ಅಣ್ಣನೂ ನನ್ನ ಶೆಡ್ಡಿಗೆ ಬಂದಿರಿ. ನೀವೇ ಕೇಳಿದಿರಿ:

“ಏನಪ್ಪ, ಬಾವಿಗೆ ಬಿದ್ದು ಸತ್ತೋನು ದಿನಾ ಮುದ್ದೆ ಉಣ್ತಾನಲ್ಲ ಅಂತ ಊರೋರು ನಗ್ತಾ ಅವರೆ. ಯಾಕೆ ಹಂಗಂದೆ?”

ನಾಲಿಗೆ ತಾನಾಗಿ ಹೊರಳಿತು. “ಹೋದ್ ವಾರ ಅಣ್ಣ ಇಲ್ಲಿ ವೆಲ್ಡಿಂಗ್ ಮಾಡ್ತಿದ್ದಾಗ ಕಾಗೆ ತಲೆ ಮುಟ್ಟಿ ಹೋತು ಅತ್ತಿಗೆ. ಅವನ್ಗೆ ಗೊತ್ತಾಗ್ಲಿಲ್ಲ. ಅದ್ಕೇ...”

ಮುಂದೆ ಹೇಳಬೇಕಾಗಲಿಲ್ಲ. ಕಾಗೆ ಮುಟ್ಟಿದವನು ಸತ್ತನೆಂದು ಸುಳ್ಳು ಸುದ್ದಿ ಹಬ್ಬಿಸಿ, ನಾಲ್ಕು ಜನರನ್ನು ಅಳಿಸಿದರೆ ಗಂಡಾಂತರ ಕಳೆಯುತ್ತದೆ—ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲದ್ದು. ನೀವು ನನಗೆ ಕೈಮುಗಿದಿರಿ. ನೀವು ಹೊರಗೆ ಹೋದ ಮೇಲೆ ಅಣ್ಣ ಬಾಗಿಲಲ್ಲಿ ನಿಂತ.

“ನನ್ ತಲೆ ಮ್ಯಾಲೆ ಯಾವ ಕಾಗೀನೂ ಕೂತಿಲ್ಲ ಕಣಲೇ. ಅವ್ಳು ನಂಬವ್ಳೆ, ನಂಬ್ಲಿ ಬಿಡು.”

ಆಮೇಲೆ ಅವನು ನನ್ನ ಶೆಡ್ಡಿಗೆ ಕಾಲಿಡಲಿಲ್ಲ. ನೀವೋ—ಎರಡು ವರ್ಷದಿಂದ ಅವನ ಒಂದೊಂದು ಕೆಮ್ಮಿಗೂ ಬೆಚ್ಚುತ್ತಿದ್ದೀರಿ. ಏಣಿ ಹತ್ತಬಾರದು, ಅಮಾವಾಸ್ಯೆ ದಿನ ಹೊಸಿಲು ದಾಟಬಾರದು... ಮೊನ್ನೆ ಅವನಿಗೆ ಎದೆನೋವು ಬಂದಾಗ ಫೋನಿನಲ್ಲಿ ಕೇಳಿದಿರಿ:

“ಅವತ್ತು ಕಾಗೆ ಯಾವ ಕಡೆ ಮುಟ್ತಪ್ಪ, ಬಲಕ್ಕೋ ಎಡಕ್ಕೋ?”

“ಎಡಕ್ಕೆ” ಎಂದೆ—ಆಗಲೂ. “ನೋವೂ ಎಡಕ್ಕೇ ಐತಲ್ಲಪ್ಪ” ಎಂದಿರಿ. ಫೋನ್ ಇಟ್ಟಿರಿ.

ಕಾಗೆ ಬಂದಿರಲಿಲ್ಲ, ಅತ್ತಿಗೆ. ನಾಳೆ ಬೆಳಗಿನ ಬಸ್ಸಿಗೆ ಬಂದು, ಈ ಕಾಗದವನ್ನು ಅಣ್ಣನೆದುರೇ ನಿಮಗೆ ಓದಿ ಹೇಳುತ್ತೇನೆ. ಆಮೇಲೆ ನನ್ನನ್ನು ಮನೆಯೊಳಗೆ ಕರೆಯಬೇಕಾಗಿಲ್ಲ.

ಈಗ ನನಗಿರುವುದು ಎರಡು ಶೆಡ್ಡು, ಐದು ಮಷಿನ್ನು, ಏಳು ಜನ ಕೆಲಸಗಾರರು. ಅಣ್ಣ ಒಬ್ಬ—ಇನ್ನೂ ಇದ್ದಾನೆ.