ಎದುರುಮನೆಯ ಬಾಗಿಲು

ಉಮಾದೇವಿಯವರದು ಮೊದಲಿನಿಂದಲೂ ಹೆದರುವ ಜೀವ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದು, ಬ್ಯಾಂಕಿನಲ್ಲಿದ್ದ ಓಂಕಾರಪ್ಪನವರನ್ನು ಮದುವೆಯಾಗಿ, ವರ್ಗಾವಣೆಯ ಹಿಂದೆ ಊರೂರು ತಿರುಗಿದವರು. ಹೊಸ ಮನೆಗೆ ಕಾಲಿಟ್ಟ ಕೂಡಲೇ ಅವರು ನೋಡುತ್ತಿದ್ದುದು ಅಡುಗೆಮನೆಯನ್ನಲ್ಲ, ಬಾಗಿಲಿನ ಚಿಲಕವನ್ನು. ವಿಜಯವಾಡಕ್ಕೆ ಬಂದ ಹೊಸತರಲ್ಲಿ ತೆಲುಗು ಬಾರದ ಭಯಕ್ಕೆ ತರಕಾರಿ ತರಲೂ ಗಂಡನನ್ನೇ ಕಳಿಸುತ್ತಿದ್ದರು.

ಅಲ್ಲಿ ಅವರ ಕೈ ಹಿಡಿದದ್ದು ಹಿಂದಿ. ಹುಡುಗಿಯಾಗಿದ್ದಾಗ ಹಿಂದಿ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದರಿಂದ ಗವರ್ನರ್‌ಪೇಟೆಯ ಒಂದು ಶಾಲೆಯಲ್ಲಿ ಹಿಂದಿ ಟೀಚರ್ ಕೆಲಸ ಸಿಕ್ಕಿತು. ಮಕ್ಕಳಿಗೆ ಅರ್ಥ ಹೇಳುವಷ್ಟು ತೆಲುಗು ಇರಲಿಲ್ಲ. ಅದಕ್ಕೆ ಬೋರ್ಡಿನ ಮೇಲೆ ಚಿತ್ರ ಬರೆಯತೊಡಗಿದರು. ಆನೆ ಬರೆದು ‘ಹಾಥೀ’ ಎನ್ನುವರು, ಮನೆ ಬರೆದು ‘ಘರ್’ ಎನ್ನುವರು. ಮಕ್ಕಳು ಬೊಮ್ಮಲ ಟೀಚರ್, ಅಂದರೆ ಚಿತ್ರದ ಟೀಚರ್ ಎಂದೇ ಕರೆದರು. ಅದೇ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಗಂಗಾಭವಾನಿ ಜೀವದ ಗೆಳತಿಯಾದರು. ಅವರ ಮಗಳು ಪದ್ಮಾ ಹಿಂದಿ ಕಲಿತದ್ದು ಉಮಾದೇವಿಯವರ ಹತ್ತಿರವೇ.

ಮುಂದೆ ಓಂಕಾರಪ್ಪನವರಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಸೀತಮ್ಮಧಾರದಲ್ಲಿ ಮನೆ ಮಾಡಿದರು. ಅಲ್ಲಿಗೆ ೨೦೦೮ರ ಮಳೆಗಾಲದಲ್ಲಿ ಪದ್ಮಾಳ ಫೋನ್ ಬಂತು. ಅವಳಾಗ ಗಂಡ ಉದಯ್, ಏಳು ವರ್ಷದ ಮಗಳು ಶ್ರೀರಕ್ಷಾ ಜೊತೆ ಫಿನ್ಲೆಂಡಿನ ಔಲು ಎಂಬ ಊರಿನಲ್ಲಿದ್ದಳು.

“ಮೇಡಂ, ನಮ್ಮ ಹುಡುಗಿ ಹೊರಗಿನವರ ಮುಂದೆ ಬಾಯೇ ಬಿಡಲ್ಲ,” ಎಂದು ತೆಲುಗಿನಲ್ಲಿ ಹೇಳಿಕೊಂಡಳು. “ಸ್ಕೂಲಲ್ಲಿ ಹೆಸರು ಕೇಳಿದ್ರೂ ತಲೆ ತಗ್ಗಿಸಿ ನಿಲ್ತಾಳೆ. ಇನ್ನೆರಡು ವರ್ಷಕ್ಕೆ ಪುಣೆಗೆ ಬರ್ತೀವಿ, ಅಲ್ಲಿ ಹಿಂದಿ ಬೇಕೇ ಬೇಕು. ನಮಗೆ ಚಿತ್ರ ಬರೆದು ಕಲಿಸಿದ್ರಲ್ಲ, ಹಾಗೇ ಇವಳಿಗೂ ಕಲಿಸಿ ಮೇಡಂ, ಕಂಪ್ಯೂಟರ್‌ನಲ್ಲಿ.”

ಓಂಕಾರಪ್ಪ ಕಂಪ್ಯೂಟರಿಗೆ ಕ್ಯಾಮೆರಾ ಹಾಕಿಸಿದರು. ಉಮಾದೇವಿ ಅದರ ಮುಂದೆ ಸೆರಗು ಸರಿಮಾಡಿಕೊಂಡು ಮುದುರಿ ಕೂತರು.

“ರೀ, ಇದ್ರಾಗೆ ಬ್ಯಾರೆ ಯಾರಾದ್ರೂ ನಮ್ಮನ್ನ ನೋಡ್ತಿರ್ತಾರೇನ್ರೀ?”

“ಯಾರೂ ನೋಡಲ್ಲ. ನೀ ಪಾಠ ಮಾಡು.”

ಆದರೂ ಪಾಠ ಮುಗಿದ ಮೇಲೆ ಕ್ಯಾಮೆರಾದ ಮೇಲೊಂದು ಬಟ್ಟೆ ಮುಚ್ಚಿಯೇ ಏಳುತ್ತಿದ್ದರು.

ಮೊದಲ ಪಾಠಗಳಲ್ಲಿ ಮಗುವಿನ ಒಂದು ಕಿವಿ, ಅರ್ಧ ಜಡೆ ಅಷ್ಟೇ ಕಾಣಿಸುತ್ತಿತ್ತು. ಉಮಾದೇವಿ ಏನನ್ನೂ ಕೇಳಲಿಲ್ಲ. ವಿಜಯವಾಡದಿಂದ ತಂದಿದ್ದ ಕೊಂಡಪಲ್ಲಿಯ ಮರದ ಬೊಂಬೆಗಳನ್ನು ಒಂದೊಂದಾಗಿ ಕ್ಯಾಮೆರಾದ ಮುಂದಿಟ್ಟು ಅವುಗಳ ಚಿತ್ರ ಬರೆದರು. ಮಗುವೂ ಬರೆದು ತೋರಿಸಿತು. ದೀಪಾವಳಿಯ ಹೊತ್ತಿಗೆ ಚುಕ್ಕಿ ಇಟ್ಟು ರಂಗೋಲಿ ಎಳೆಯಲು ಕಲಿಸಿದರು. ಅಂಬಾರಿಯ ಆನೆ ಬರೆದ ದಿನ ಪರದೆಯಿಂದ ಸಣ್ಣದೊಂದು ದನಿ ಬಂತು: “ಹಾಥೀ.” ಪದ್ಮಾ ಹಿಂದೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಆಮೇಲೆ ಮಗು ಹಿಂದಿಯಲ್ಲಿ ಪುಟ್ಟ ಪುಟ್ಟ ವಾಕ್ಯ ಆಡತೊಡಗಿತು. ಟೀಚರ್‌ಜೀ ಒಬ್ಬರ ಹತ್ತಿರ ಮಾತ್ರ.

ಡಿಸೆಂಬರಿನ ಒಂದು ಸಂಜೆ. ಇಲ್ಲಿ ಆಗಷ್ಟೇ ದೀಪ ಹಚ್ಚುವ ಹೊತ್ತು. ಅಲ್ಲಿ ಮಧ್ಯಾಹ್ನವಾದರೂ ಕಿಟಕಿಯಾಚೆ ಆಗಲೇ ಕತ್ತಲೆ ಕವಿಯುತ್ತಿತ್ತು. ಚಳಿಗಾಲದಲ್ಲಿ ಆ ಊರಿನ ಹಗಲು ಅಷ್ಟೇ. ಮಗು ಒಂದೇ ಬಂದು ಕೂತಿತು.

“ಮಮ್ಮೀ ಎಲ್ಲಿ?” ಎಂದು ಉಮಾದೇವಿ ಹಿಂದಿಯಲ್ಲಿ ಕೇಳಿದರು.

“ಮಮ್ಮೀ ಸೋ ರಹೀ ಹೈ.”

ಮಲಗಿದ್ದಾಳೆ, ಮಲಗಿರಲಿ ಎಂದುಕೊಂಡು ಪಾಠ ಶುರು ಮಾಡಿದರು. ಅಂದಿನ ಪಾಠ ಮನೆಯ ಕೋಣೆಗಳದು. ಇಷ್ಟವಾದ ಕೋಣೆಯೊಂದನ್ನು ಬರೆ ಎಂದರು. ಮಗು ತಲೆ ಬಗ್ಗಿಸಿ ಬಹಳ ಹೊತ್ತು ಬರೆಯಿತು. ಬರೆದದ್ದನ್ನು ಎತ್ತಿ ಹಿಡಿಯಿತು.

ಒಲೆ, ಮುಗುಚಿ ಬಿದ್ದ ಪಾತ್ರೆ. ಅದರ ಪಕ್ಕ ನೆಲದ ಮೇಲೆ ಉದ್ದಕ್ಕೆ ಮಲಗಿದ ಹೆಂಗಸು. ಕೈಯೊಂದು ಬೆನ್ನಡಿ ಸಿಕ್ಕಿಕೊಂಡಿತ್ತು. ಕಣ್ಣುಗಳನ್ನು ಅರ್ಧ ತೆರೆದಂತೆ ಬರೆದಿದ್ದಳು.

ಉಮಾದೇವಿ ಪರದೆಯತ್ತ ಬಗ್ಗಿ ನೋಡಿದರು.

“ಇದು ಯಾರಮ್ಮಾ?”

“ಮಮ್ಮೀ.”

“ಹೋಗಿ ಎಬ್ಬಿಸು, ಪುಟ್ಟಾ. ಓಡು.”

ಮಗು ಹೋಯಿತು. “ಮಮ್ಮೀ, ಮಮ್ಮೀ” ಎನ್ನುವುದು ದೂರದಿಂದ ಕೇಳಿಸಿತು. ಬೇರೆ ಯಾವ ದನಿಯೂ ಬರಲಿಲ್ಲ. ತಿರುಗಿ ಬಂದು ಕೂತು, ಅಮ್ಮ ಏಳುತ್ತಿಲ್ಲ ಎಂದಿತು: “ನಹೀಂ ಉಠತೀ, ಟೀಚರ್‌ಜೀ.”

“ರೀ!” ಎಂದು ಉಮಾದೇವಿ ಕೂಗಿದ ಕೂಗಿಗೆ ಓಂಕಾರಪ್ಪ ಪಡಸಾಲೆಯಿಂದ ಓಡಿಬಂದರು. ವಿಷಯ ತಿಳಿದದ್ದೇ ವಿಜಯವಾಡಕ್ಕೆ ಫೋನ್ ಮಾಡಿದರು. ಗಂಗಾಭವಾನಿ ಇನ್ನೊಂದು ಫೋನಿನಿಂದ ಅಳಿಯನಿಗೆ ಹಚ್ಚಿದರು. ಉದಯ್ ಕಂಪನಿ ಕೆಲಸದ ಮೇಲೆ ವಿಮಾನದಲ್ಲಿ ಹೊರಟಿದ್ದ; ಫೋನ್ ಸ್ವಿಚ್ ಆಫ್.

“ಅದೇ ಮಹಡೀಲಿ ಎದುರುಮನೇಲಿ ಒಬ್ಬ ಮುದುಕಿ ಇದ್ದಾಳಂತೆ, ಒಳ್ಳೆಯವಳು ಅಂತ ಪದ್ಮಾ ಹೇಳ್ತಿದ್ದಳು,” ಎಂದರು ಗಂಗಾಭವಾನಿ. “ಪಾಪನ ಅಲ್ಲಿಗೆ ಕಳಿಸಿ, ಉಮಾಗಾರೂ. ನೀವು ಹೇಳಿದ್ರೆ ಹೋಗ್ತಾಳೆ.”

ಉಮಾದೇವಿ ಹಾಗೆಂದಾಗ ಮಗು ಒಲ್ಲೆನೆಂದು ತಲೆಯಾಡಿಸಿತು. ಬಾಗಿಲು ತೆಗೆಯಬಾರದು ಎಂದು ಅಮ್ಮ ಹೇಳಿದ್ದಾಳೆ. ಆ ಅಜ್ಜಿಯ ಭಾಷೆ ಬೇರೆ. ಅವಳ ಜೊತೆ ಮಾತಾಡಲು ಆಗುವುದಿಲ್ಲ.

“ಮಾತಾಡಬೇಡ,” ಎಂದರು ಉಮಾದೇವಿ. ತಮ್ಮ ದನಿ ನಡುಗದಂತೆ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. “ಒಂದು ಮಾತೂ ಬೇಡ. ಆ ಚಿತ್ರ ತಗೊಂಡು ಹೋಗು. ಬೆಲ್ ಒತ್ತು. ಅಜ್ಜಿ ಬಂದರೆ ಚಿತ್ರ ತೋರಿಸಿ ನಿಮ್ಮ ಮನೆ ಕಡೆ ಕೈ ಮಾಡು. ಅಷ್ಟೇ.”

ಮಗು ಅವರನ್ನೇ ನೋಡಿತು. ಆಮೇಲೆ ಕಾಗದವನ್ನು ಎದೆಗೆ ಒತ್ತಿಕೊಂಡು ಎದ್ದು ಹೋಯಿತು.

ಪರದೆಯಲ್ಲಿ ಖಾಲಿ ಕುರ್ಚಿ ಉಳಿಯಿತು. ಬಾಗಿಲು ತೆರೆದ ಸದ್ದು. ಕ್ಷಣ ಬಿಟ್ಟು ಅದು ದಡ್ಡನೆ ಮುಚ್ಚಿಕೊಂಡ ಸದ್ದು. ಉಮಾದೇವಿ ಅದನ್ನು ಫೋನಿನಲ್ಲಿ ಹೇಳಿದರು.

“ಅಯ್ಯೋ, ಆ ಬಾಗಿಲು ತಾನಾಗೇ ಲಾಕ್ ಆಗುತ್ತೆ ಅಂತ ಪದ್ಮಾ ಹೇಳಿದ್ದಳು,” ಎಂದರು ಫೋನಿನಲ್ಲಿ ಗಂಗಾಭವಾನಿ. “ಕೀಲಿ ಒಳಗೇ ಉಳೀತು.”

ಉಮಾದೇವಿ ಖಾಲಿ ಕುರ್ಚಿಯನ್ನೇ ನೋಡಿದರು. ಒಳಗೆ ಎಚ್ಚರ ತಪ್ಪಿದ ತಾಯಿ. ಹೊರಗೆ ಸ್ವೆಟರೂ ಇಲ್ಲದ ಮಗು, ಮಾತಾಡದ ಮಗು. ಎದುರುಮನೆಯವಳು ಪೇಟೆಗೆ ಹೋಗಿದ್ದರೆ? ಹೆದರಿ ಮಗು ಮೆಟ್ಟಿಲಿಳಿದು ಹಿಮದಲ್ಲಿ ನಡೆದುಬಿಟ್ಟರೆ? ಕಳಿಸಿದವರು ತಾವೇ. ಬಾಗಿಲ ಬೆಲ್ ಎಲ್ಲಾದರೂ ಕೇಳಿಸೀತೇ ಎಂದು ಪರದೆಗೆ ಕಿವಿ ಹಚ್ಚಿದರು. ಯಾವುದೋ ಯಂತ್ರದ ಗುಂಯ್ ಎನ್ನುವ ಸದ್ದೊಂದೇ ಇತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಪರದೆ ಕಪ್ಪಾಯಿತು.

“ಏನಾಯ್ತು? ಹೇಳಿ, ಏನಾಯ್ತು?” ಎಂದು ಗಂಗಾಭವಾನಿ ಕೇಳುತ್ತಲೇ ಇದ್ದರು. ಉಮಾದೇವಿ ಫೋನ್ ಹಿಡಿದು ಕತ್ತಲಲ್ಲೇ ನಿಂತಿದ್ದರು. “ಫೋನ್ ಇಡಬೇಡಿ,” ಎಂದರು ಒಬ್ಬರು. “ಇಡಲ್ಲ,” ಎಂದರು ಇನ್ನೊಬ್ಬರು. ವಿಜಯವಾಡದಿಂದ ದುರ್ಗಮ್ಮನ ಹೆಸರು ಕೇಳಿಸುತ್ತಿತ್ತು, ನಡುನಡುವೆ ಬರೀ ಉಸಿರು. ಕರೆಂಟ್ ಬಂದು ಓಂಕಾರಪ್ಪ ಮತ್ತೆ ಮತ್ತೆ ಪ್ರಯತ್ನಿಸಿದರೂ ಆ ಕಡೆಯಿಂದ ಯಾರೂ ಕರೆ ತೆಗೆದುಕೊಳ್ಳಲಿಲ್ಲ.

ವಿಮಾನ ಇಳಿದು ಫೋನ್ ಹಚ್ಚಿದ ಉದಯ್‌ನಿಂದ ಸುದ್ದಿ ತಿಳಿಯಿತು. ಮುದುಕಿ ಮನೆಯಲ್ಲೇ ಇದ್ದಳು. ಮಗು ಚಿತ್ರ ಹಿಡಿದು ನಿಂತದ್ದನ್ನು ನೋಡಿ, ಬಾಗಿಲು ಬಡಿದು, ಉತ್ತರ ಬಾರದಿದ್ದಾಗ ಆಂಬುಲೆನ್ಸಿಗೆ ಫೋನ್ ಮಾಡಿ, ಕಟ್ಟಡ ನೋಡಿಕೊಳ್ಳುವವನಿಂದ ಕೀಲಿ ತರಿಸಿದ್ದಳು. ಬಸುರಿಯಾಗಿದ್ದಾಗಿನಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ಪದ್ಮಾಗೆ ಅಂದು ಊಟ ತಡವಾಗಿ ಶುಗರ್ ಪೂರಾ ಇಳಿದುಹೋಗಿತ್ತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿದ್ದಳು.

ಎಲ್ಲರೂ ಉಮಾದೇವಿಯವರನ್ನು ಹೊಗಳಿದರು. ಅವರಿಗೆ ಮಾತ್ರ ಅನ್ನ ಸೇರಲಿಲ್ಲ.

“ಆ ಅಜ್ಜಿ ಇರ್ಲಿಲ್ಲ ಅಂದಿದ್ರೆ?” ಎಂದು ಗಂಡನನ್ನು ಕೇಳುವರು.

“ಇದ್ಲಲ್ಲ ಮಾರಾಯ್ತಿ.”

“ಇರ್ಲಿಲ್ಲ ಅಂದಿದ್ರೆ?”

ಸಂಕ್ರಾಂತಿ ಕಳೆಯುವವರೆಗೂ ಉಮಾದೇವಿ ಕಂಪ್ಯೂಟರ್ ಮುಂದೆ ಕೂರಲಿಲ್ಲ. ಕಡೆಗೆ ಪದ್ಮಾ ಫೋನ್ ಮಾಡಿ ಮಗಳ ಕೈಗೆ ಕೊಟ್ಟಳು. ಮಗು, “ಟೀಚರ್‌ಜೀ, ಕಲ್ ಕ್ಲಾಸ್ ಹೈ?” ಎಂದು ಕೇಳಿತು. ನಾಳೆ ಪಾಠ ಇಲ್ಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ.

ಪದ್ಮಾಳಿಂದ ಕೇಳಿ ಮಸ್ಕತ್, ಸಿಂಗಾಪುರಗಳಿಂದಲೂ ಮಕ್ಕಳು ಸೇರಿದರು. ಹೊಸ ಮಗು ಬಂದರೆ ಉಮಾದೇವಿ ಮೊದಲ ದಿನ ಅಕ್ಷರ ಹೇಳಿಕೊಡುತ್ತಿರಲಿಲ್ಲ. ತಾಯಿಯ ಜೊತೆ ಪಕ್ಕದ ಮನೆಗೆ ಹೋಗಿ, ಅಲ್ಲಿರುವವರ ಮುಖ ನೋಡಿ, ಹೆಸರು ಕೇಳಿಕೊಂಡು ಬಂದು ಅವರ ಚಿತ್ರ ಬರೆಯಬೇಕು.

“ಮೇಡಂ, ನಾವು ಹಿಂದಿ ಕಲೀಲಿ ಅಂತ ಸೇರಿಸಿದ್ದು,” ಎಂದಳು ಸಿಂಗಾಪುರದ ಒಬ್ಬ ತಾಯಿ. “ಪಕ್ಕದ ಮನೆಯವರು ಯಾರು ಅಂತ ನಮಗೇ ಗೊತ್ತಿಲ್ಲ.”

“ಹಾಗಾದ್ರೆ ಇವತ್ತೇ ಹೋಗಿ ಬನ್ನಿ, ಅಮ್ಮಾ,” ಎಂದರು ಉಮಾದೇವಿ. “ಪಾಠ ನಾಳೆ ಮಾಡೋಣ.”

ಈಗಲೂ ಪಾಠದ ಮಧ್ಯೆ ಯಾವುದಾದರೂ ಮಗು ನೀರು ಕುಡಿಯಲು ಎದ್ದು ಹೋದರೆ, ಅದು ತಿರುಗಿ ಬಂದು ಕೂರುವವರೆಗೆ ಅವರು ಉಸಿರು ಬಿಗಿಹಿಡಿದೇ ಇರುತ್ತಾರೆ.